ಮುದ್ದೆಯೂ ಪಿಂಗಾಣಿಯೂ: ಊಟದ ಪಾತ್ರೆಯಲ್ಲಿ ಔಚಿತ್ಯದ ವಿಚಾರ

ಕಾವ್ಯ ಶಾಸನಗಳ ವಿಚಾರಕ್ಕೆ ಮೀಸಲಾದ ಪುಟಗಳಲ್ಲಿ ತಟ್ಟೆ ಬಟ್ಟಲುಗಳ ಮಾತನ್ನೆತ್ತುವುದು ಕೆಲವು ವಾಚಕರಿಗೆ ವಿನೋದವಾಗಿ ತೋರಬಹುದು. ಆದರೆ ಬಳಕೆಗೆ ಬರುವ ವಸ್ತುವಿಗೂ ರೂಪವೆಂಬುದುಂಟು. ರೂಪವಿದ್ದ ಕಡೆಯಲ್ಲಿ ಗುಣದೋಷವಿವೇಚನೆಗೂ ಎಡೆಯುಂಟು. ಈಚಿನ ವರ್ಷಗಳಲ್ಲಿ ಬೇರೆ ಬೇರೆ ದೇಶಗಳ ವಿನ್ಯಾಸಕಾರರೂ ಪಿಂಗಾಣಿಯ ಕಲಾವಿದರೂ ಒಂದೆಡೆ ಕೂಡಿ, ಆಹಾರದಿಂದ ಸ್ಫೂರ್ತಿಯನ್ನು ಪಡೆದ ಊಟದ ಪಾತ್ರೆಗಳನ್ನು ನಿರ್ಮಿಸುವ ಪ್ರಯತ್ನಗಳು ಹೆಚ್ಚುತ್ತಿವೆ. ಅಂತಹ ಪಾತ್ರೆಗಳು ಬೆಂಗಳೂರಿನ ಅಂಗಡಿಗಳಿಗೂ ಬಂದಿವೆ. ಅಲ್ಲಿಂದ ಉತ್ತರಕ್ಕೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಶಿಡ್ಲಘಟ್ಟ, ಚಿಂತಾಮಣಿಗಳ ರಾಗಿಯ ಸೀಮೆ ಬಹು ದೂರವೇನೂ ಇಲ್ಲ. ಆದರೂ ಆ ಪಾತ್ರೆಗಳಿಗೂ ಈ ಸೀಮೆಯ ಊಟಕ್ಕೂ ನಡುವೆ ಇರುವ ದೂರವು ಮೈಲಿಗಳಿಂದ ಅಳೆಯತಕ್ಕದ್ದಲ್ಲ.

ಅಂತಹ ಅಂಗಡಿಯೊಂದರಲ್ಲಿ ನಾವು ಎರಡು ವಸ್ತುಗಳನ್ನು ಕಂಡೆವು. ಒಂದು, ಅಂಚಿನಲ್ಲಿ ರಾಗಿಯ ತೆನೆಯನ್ನು ಚಿತ್ರಿಸಿದ ತಟ್ಟೆ. ಮತ್ತೊಂದು, ಮುದ್ದೆಯ ಬಣ್ಣವನ್ನೂ ಗುಂಡನೆಯ ಆಕಾರವನ್ನೂ ಅನುಕರಿಸಿದ ಮುಚ್ಚಳದ ಬಟ್ಟಲು. ಕೈಗೆಲಸವು ನಿರ್ದುಷ್ಟವಾಗಿತ್ತು. ಆದರೆ ಆ ತಟ್ಟೆಯಲ್ಲಿ ಮುದ್ದೆಯನ್ನಿಟ್ಟು ಸಾರು ಬಿಟ್ಟರೆ ಸಾರು ನೆಲಕ್ಕೆ ಹರಿಯುತ್ತದೆ. ಆ ಬಟ್ಟಲಿನೊಳಕ್ಕೆ ನಾಲ್ಕು ಬೆರಳು ಸೇರಿ ಇಳಿಯುವುದಿಲ್ಲ. ಆಹಾರದ ಚಿತ್ರ ಅಲ್ಲಿತ್ತು. ಆಹಾರಕ್ಕೆ ಮಾತ್ರ ಸ್ಥಳವಿರಲಿಲ್ಲ. ಸೊಂಟದ ಪಟ್ಟಿಯನ್ನು ಕೊರಳಿಗೆ ಧರಿಸಿದರೆ ಅದು ಆಭರಣವಾಗದೆ ನಗೆಗೀಡಾಗುವುದೆಂದು ಔಚಿತ್ಯವಿಚಾರಚರ್ಚೆಯಲ್ಲಿ ಕ್ಷೇಮೇಂದ್ರನು ಹೇಳುವ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕುವುದು ಕಷ್ಟ. ಪಾತ್ರೆಯು ಆಹಾರದಿಂದ ಸ್ಫೂರ್ತಿ ಪಡೆಯುವುದೆಂದರೆ ಅದರ ಮುಖವನ್ನು ಬರೆದುಕೊಳ್ಳುವುದಲ್ಲ, ಅದರ ನಡೆಯನ್ನು ಅರಿಯುವುದು ಎಂದು ನಮ್ಮ ಅಭಿಪ್ರಾಯ.

ಈ ವಿವೇಕವು ಕನ್ನಡಿಗರಿಗೆ ಹೊಸದಲ್ಲ. ಕನಕದಾಸರ ರಾಮಧಾನ್ಯಚರಿತ್ರೆಯಲ್ಲಿ ವ್ರೀಹಿಗೂ ನರೆದಲೆಗನಿಗೂ ನಡೆಯುವ ವಾದವನ್ನು ಎಲ್ಲರೂ ಬಲ್ಲರು. ಅಲ್ಲಿ ತೀರ್ಪು ಬಣ್ಣವನ್ನು ನೋಡಿ ಕೊಟ್ಟದ್ದಲ್ಲ. ಶ್ರೀರಾಮನು ಎರಡು ಧಾನ್ಯಗಳನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ; ನೆಲ್ಲು ಕೆಡುತ್ತದೆ, ರಾಗಿ ಉಳಿಯುತ್ತದೆ. ಧಾನ್ಯದ ಗುಣವನ್ನು ಅದರ ನಡವಳಿಕೆಯಿಂದಲೇ ತಿಳಿಯತಕ್ಕದ್ದೆಂಬ ನಿರ್ಣಯವಿದು. ಹಗೇವುಗಳಲ್ಲಿ ವರ್ಷಗಟ್ಟಲೆ ರಾಗಿಯನ್ನು ಕಾಪಾಡುತ್ತಿದ್ದ ರೈತರ ಅನುಭವವೇ ಅಲ್ಲಿ ಕಾವ್ಯವಾಗಿದೆಯೆಂದರೆ ತಪ್ಪಾಗಲಾರದು. ಪಾತ್ರೆಯ ವಿಮರ್ಶಕನಿಗೂ ಇದೇ ಸೆರೆಮನೆಯ ಪರೀಕ್ಷೆ ಬೇಕಾಗಿದೆ.

ಹಾಗಾದರೆ ಮುದ್ದೆಯ ನಡೆ ಯಾವುದು? ಎಸರು ಕುದಿಯುವಾಗ ಹಿಟ್ಟನ್ನು ಸುರಿದು, ಮಡಕೆಯನ್ನು ಅಲುಗದಂತೆ ಅದುಮಿ ಹಿಡಿದು ಕೋಲಿನಿಂದ ತಿರುವಿ, ನೀರು ಚಿಮುಕಿಸಿದ ಹಲಗೆಯ ಮೇಲೆ ಕೈಯಿಂದ ಉಂಡೆ ಕಟ್ಟುತ್ತಾರೆ. ಈ ಸೀಮೆಯ ಕನ್ನಡ ಮನೆಗಳಲ್ಲಿ ಅದು ಹಿಟ್ಟು ಅಥವಾ ಮುದ್ದೆ. ತೆಲುಗು ಮನೆಗಳಲ್ಲಿ ಸಂಗಟಿ. ಹೆಸರು ಎರಡಾದರೂ ಉಣ್ಣುವ ಕೈಯ ಭಂಗಿ ಒಂದೇ. ಬಲಗೈಯ ಬೆರಳುಗಳಿಂದ ಒಂದು ತುತ್ತನ್ನು ಮುರಿದು, ಉರುಟು ಮಾಡಿ, ಸಾರಿನಲ್ಲಿ ಹೊರಳಿಸಿ, ಅಗಿಯದೆ ನುಂಗುವುದು ಕ್ರಮ. ಒಳಗೆ ಬಿಸಿ, ಹೊರಗೆ ಮೃದು. ಸಾರು ತಗಲದ ಕಡೆ ಪಾತ್ರೆಗೂ ಬೆರಳಿಗೂ ಅಂಟುವ ಸ್ವಭಾವ. ಮಾಗಿಯ ಕಾಲದ ಹಿತಕಿದ ಅವರೆಬೇಳೆಯ ಸಾರು ಮಂದವಾಗಿರುತ್ತದೆ. ಉಪ್ಪುಸಾರು ನೀರಿನಂತೆ ಓಡುತ್ತದೆ. ಮಸ್ಸೊಪ್ಪು ಇವೆರಡರ ನಡುವಿನದು. ಒಂದೇ ತಟ್ಟೆ ಈ ಮೂರನ್ನೂ ತಡೆದು ನಿಲ್ಲಿಸಬೇಕು.

ಇದರಿಂದ ಪಾತ್ರೆಯ ಲಕ್ಷಣಗಳು ತಾವಾಗಿಯೇ ಹೊರಡುತ್ತವೆ. ತಳವು ಅಗಲವಾಗಿ ಸಮನಾಗಿರಬೇಕು. ಅಂಚು ಎರಡು ಬೆರಳಿನಷ್ಟು ಎತ್ತರವಿದ್ದು ಸ್ವಲ್ಪ ಹೊರಕ್ಕೆ ವಾಲಿರಬೇಕು. ತಳವೂ ಅಂಚೂ ಕೂಡುವೆಡೆಯಲ್ಲಿ ಮೂಲೆಯಿರದೆ ಬೆರಳು ಸಲೀಸಾಗಿ ಬಳಿದುಕೊಂಡು ಬರುವಂತಿರಬೇಕು, ಏಕೆಂದರೆ ಊಟದ ಕೊನೆಯ ರುಚಿಯೆಲ್ಲ ಆ ಬಾಗಿನಲ್ಲಿಯೇ ನಿಂತಿರುತ್ತದೆ. ಉಣ್ಣುವವನು ಎಡಗೈಯನ್ನು ಬಳಸದಿರುವುದರಿಂದ ತುತ್ತು ಮುರಿಯುವಾಗ ಜಾರದಷ್ಟು ತೂಕವೂ ಬೇಕು. ಹಳೆಯ ಕಂಚಿನ ಗಂಗಾಳದಲ್ಲಿ ಈ ಗುಣಗಳೆಲ್ಲವೂ ಇದ್ದವು. ಅದನ್ನು ಯಾವ ವಿನ್ಯಾಸಕಾರನೂ ಕಾಗದದ ಮೇಲೆ ಬರೆಯಲಿಲ್ಲ. ಉಂಡವರ ಕೈಯೂ ಕಂಚುಗಾರನ ಸುತ್ತಿಗೆಯೂ ತಲೆಮಾರುಗಳ ಕಾಲ ಮಾತಾಡಿಕೊಂಡು ಅದನ್ನು ತಿದ್ದಿದುವು. ಯೂರೋಪಿನ ಸಾರಿನ ತಟ್ಟೆಗೆ ಆಳವೇನೋ ಉಂಟು. ಆದರೆ ಅದರ ಅಗಲವಾದ ಚಪ್ಪಟೆ ಅಂಚು ಚಮಚದಿಂದ ಉಣ್ಣುವವರಿಗಾಗಿ ಆದದ್ದು, ಮಣಿಕಟ್ಟನ್ನು ಆಹಾರದಿಂದ ದೂರ ತಳ್ಳುತ್ತದೆ. ಇಂದಿನ ಹೆದ್ದಾರಿಯ ಹೋಟೆಲುಗಳಲ್ಲಿ ನಾಟಿಕೋಳಿಯ ಸಾರನ್ನು ಪುಟ್ಟ ಉಕ್ಕಿನ ಬಟ್ಟಲಿನಲ್ಲಿ ಪ್ರತ್ಯೇಕವಾಗಿ ಕೊಡುತ್ತಾರೆ. ಅದು ಅಳತೆಯ ಅನುಕೂಲವೇ ಹೊರತು ಊಟದ ಅನುಕೂಲವಲ್ಲ. ಬಲ್ಲವರು ಕುಳಿತೊಡನೆ ಅದನ್ನು ತಟ್ಟೆಗೆ ಬಗ್ಗಿಸಿಕೊಳ್ಳುವುದನ್ನು ನೋಡಬಹುದು.

ಇಲ್ಲಿ ಒಂದು ಆಕ್ಷೇಪವು ಏಳುತ್ತದೆ. ಅಡಿಗೆಯ ಮಡಕೆ, ನೀರಿನ ಗಡಿಗೆ, ಧಾನ್ಯದ ವಾಡೆ ಎಲ್ಲವನ್ನೂ ಮಣ್ಣಿನಿಂದ ಮಾಡಿಕೊಂಡ ಈ ಸೀಮೆಯು ಊಟದ ತಟ್ಟೆಯನ್ನು ಮಾತ್ರ ಮಣ್ಣಿನಿಂದ ಏಕೆ ಮಾಡಿಕೊಳ್ಳಲಿಲ್ಲ? ಕಾರಣಗಳು ಎರಡು. ಊರ ಕುಂಬಾರನ ಆವಿಗೆಯ ಕಾವು ಸಾಮಾನ್ಯವಾಗಿ ಏಳೆಂಟು ನೂರು ಡಿಗ್ರಿಗಳಷ್ಟೇ. ಆ ಕಾವಿನಲ್ಲಿ ಬೆಂದ ಮಣ್ಣಿನ ಮೈಯೆಲ್ಲ ಸೂಕ್ಷ್ಮರಂಧ್ರಗಳು. ಬೇಸಗೆಯಲ್ಲಿ ನೀರನ್ನು ತಂಪಾಗಿಡುವ ಗುಣವೇ ಸಾರನ್ನು ಹೀರುವ ದೋಷವೂ ಆಗುತ್ತದೆ. ಎರಡನೆಯದು ಶೌಚದ ವಿಚಾರ. ಲೋಹವನ್ನು ಬೂದಿ ಹುಣಿಸೆಗಳಿಂದ ಬೆಳಗಬಹುದು; ಮಣ್ಣಿನ ಪಾತ್ರೆಗಾದರೋ ಧರ್ಮಶಾಸ್ತ್ರವು ಮರಳಿ ಸುಡುವುದನ್ನೇ ಶುದ್ಧಿಯೆಂದು ವಿಧಿಸಿತು. ಎಂಜಲಾದ ಮಣ್ಣು ಎಸೆಯತಕ್ಕ ಮಣ್ಣು. ಇಷ್ಟಕ್ಕೆ ವಸ್ತುವಿನ ಸ್ವಭಾವದಲ್ಲಿ ಆಧಾರವುಂಟೆಂದು ಒಪ್ಪಬಹುದು. ಆದರೆ ಸಾವಿರದ ಇನ್ನೂರು ಡಿಗ್ರಿಗೆ ಮೇಲ್ಪಟ್ಟು ಬೆಂದು ಗಾಜಿನ ಲೇಪವನ್ನು ಹೊಂದಿದ ಪಿಂಗಾಣಿಯು ಏನನ್ನೂ ಹೀರುವುದಿಲ್ಲ. ಆದರೂ ನಿಷೇಧವು ಅದರ ಮೇಲೆಯೂ ಉಳಿಯಿತು. ಆ ಹೊತ್ತಿಗೆ ಅದು ರಂಧ್ರಗಳ ಮಾತಾಗಿರದೆ ಮನುಷ್ಯರ ಮಾತಾಗಿತ್ತು. ನಮ್ಮ ನಾಡಿನ ಎಷ್ಟೋ ಹಳ್ಳಿಗಳ ಕಾಫಿ ಅಂಗಡಿಗಳಲ್ಲಿ ದಲಿತರಿಗೆ ಬೇರೆ ಲೋಟವನ್ನೋ ತೆಂಗಿನ ಚಿಪ್ಪನ್ನೋ ಇಟ್ಟಿದ್ದುದನ್ನು ಮರೆತು ಊಟದ ಪಾತ್ರೆಯ ಸೌಂದರ್ಯವನ್ನು ಚರ್ಚಿಸುವುದು ಅರ್ಧ ವಿಮರ್ಶೆಯಾದೀತು. ನಾಡಿನ ಸಂಸ್ಕೃತಿಯನ್ನು ಪಾತ್ರೆಯಲ್ಲಿ ತೋರಿಸುತ್ತೇವೆನ್ನುವ ವಿನ್ಯಾಸಕಾರರು ತೆನೆಯ ಚಿತ್ರವನ್ನು ಬಿಡಿಸುವಷ್ಟು ಸುಲಭವಾಗಿ ಈ ಚರಿತ್ರೆಯನ್ನು ದಾಟಿಹೋಗಲಾಗದು.

ನಿಷೇಧವನ್ನು ಮುರಿದ ಪಿಂಗಾಣಿಯೂ ಒಂದುಂಟು. ಅದೇ ಉಪ್ಪಿನಕಾಯಿಯ ಜಾಡಿ. ಪಿಂಗಾಣಿ ಎಂಬ ಶಬ್ದವು ಬಟ್ಟಲೆಂಬ ಅರ್ಥದ ಪಾರಸಿಯ ಪಿಂಗಾನ್ ಶಬ್ದದಿಂದ ಬಂದದ್ದು; ಹಿಂದಿಯವರು ಉಪ್ಪಿನಕಾಯಿಯ ಜಾಡಿಗೆ ಹೇಳುವ ಮರ್ತಬಾನ್ ಎಂಬ ಹೆಸರು ಬರ್ಮಾದೇಶದ ರೇವುಪಟ್ಟಣದ್ದು. ಶಬ್ದವೂ ವಸ್ತುವೂ ಸಮುದ್ರದ ಮೇಲೆ ಬಂದುವು. ಹಿತ್ತಾಳೆ ತಾಮ್ರಗಳನ್ನು ಹುಳಿಯು ತಿಂದು ಕಿಲುಬೆಬ್ಬಿಸುತ್ತದೆ. ಕಲಾಯಿಯೂ ಬಹುಕಾಲ ನಿಲ್ಲದು. ಸುಟ್ಟ ಮಣ್ಣು ಎಣ್ಣೆಯನ್ನು ಕುಡಿಯುತ್ತದೆ. ಆದಕಾರಣ ತಟ್ಟೆಯಾಗಿ ಪಿಂಗಾಣಿಯನ್ನು ಮುಟ್ಟದ ಮನೆಯೂ ಜಾಡಿಯಾಗಿ ಅದನ್ನು ಅಡಿಗೆಯ ಕೋಣೆಯೊಳಕ್ಕೆ ಬಿಟ್ಟುಕೊಂಡಿತು. ಅಷ್ಟೇ ಅಲ್ಲ, ಅದಕ್ಕೆ ಬಟ್ಟೆ ಕಟ್ಟಿ ಮಡಿಯಲ್ಲಿಟ್ಟಿತು. ಶಾಸ್ತ್ರವು ಒಪ್ಪದಿದ್ದುದನ್ನು ಮಾವಿನಕಾಯಿ ಒಪ್ಪಿಸಿತು. ಆಹಾರವು ತಾನೇ ಕೇಳಿ ತರಿಸಿಕೊಂಡ ಪಾತ್ರೆಯೆಂದರೆ ಇಂಥದ್ದು. ಅದರ ಮೇಲೆ ಮಾವಿನಕಾಯಿಯ ಚಿತ್ರವಿರಲಿಲ್ಲವೆಂಬುದನ್ನು ಗಮನಿಸತಕ್ಕದ್ದು.

ಪರದೇಶಗಳ ದೃಷ್ಟಾಂತಗಳನ್ನು ನೋಡಿದರೂ ಇದೇ ನ್ಯಾಯವು ಕಾಣುತ್ತದೆ. ಜಪಾನಿನ ಕಿಟಾಒಜಿ ರೊಸಂಜಿನ್ ಮೊದಲು ಅಡಿಗೆಯವರು, ಆಮೇಲೆ ಕುಂಬಾರರು. ೧೯೨೫ರಲ್ಲಿ ಟೋಕಿಯೋ ನಗರದಲ್ಲಿ ಭೋಜನಶಾಲೆಯನ್ನು ತೆರೆದು, ತಮ್ಮ ಅಡಿಗೆಗೆ ತಕ್ಕ ಪಾತ್ರೆಗಳು ಸಾಲದಾದಾಗ ತಾವೇ ಮಣ್ಣನ್ನು ಹಿಡಿದರು. ೧೯೨೦ರಲ್ಲಿ ಬರ್ನಾರ್ಡ್ ಲೀಚ್ ಮತ್ತು ಹಮಾಡಾ ಷೋಜಿ ಇಬ್ಬರೂ ಇಂಗ್ಲೆಂಡಿನ ಸೇಂಟ್ ಐವ್ಸ್ ಊರಿನಲ್ಲಿ ಕುಂಬಾರಶಾಲೆಯನ್ನು ಸ್ಥಾಪಿಸಿದರು. ಎರಡು ಸಂಸ್ಕೃತಿಗಳ ಸಹಯೋಗವೆಂದೊಡನೆ ನೆನಪಾಗುವುದು ಈ ಜೋಡಿ. ಒಲೆಯ ಕ್ರಮವನ್ನು ಜಪಾನಿನಿಂದ ತಂದರೂ, ಆ ಶಾಲೆಯು ನಿತ್ಯಬಳಕೆಗೆಂದು ಮಾಡಿದ ಪಾತ್ರೆಗಳು ಇಂಗ್ಲಿಷರ ಅಡಿಗೆಮನೆಗೆ ಹೊಂದುವಂಥವು. ನಮಗೆ ಹತ್ತಿರದ ಉದಾಹರಣೆಯೆಂದರೆ ಪಾಂಡಿಚೇರಿಯದು. ಅಮೆರಿಕದಿಂದ ಬಂದ ಡೆಬೊರಾ ಸ್ಮಿತ್ ಮತ್ತು ರೇ ಮೀಕರ್ ೧೯೭೧ರಲ್ಲಿ ಅಲ್ಲಿ ಗೋಲ್ಡನ್ ಬ್ರಿಡ್ಜ್ ಎಂಬ ಕುಂಬಾರಶಾಲೆಯನ್ನು ಆರಂಭಿಸಿದರು. ಸ್ಮಿತ್ ಅವರು ಜಪಾನಿನಲ್ಲಿ ಅಭ್ಯಾಸ ಮಾಡಿದ್ದವರು. ಸುತ್ತಣ ತಮಿಳು ಕೆಲಸಗಾರರು ಅಲ್ಲಿ ಕಲಿತು, ಅವರಲ್ಲಿ ಕೆಲವರು ಸ್ವಂತ ಒಲೆಗಳನ್ನು ಹೂಡಿದರು. ವಿದ್ಯೆಯು ಗುರುವನ್ನು ಬಿಟ್ಟು ಊರಿಗೆ ಸೇರಿತೆಂಬುದೇ ಆ ಸಹಯೋಗದ ದೊಡ್ಡ ಗುಣ. ಅಲ್ಲಿಯ ಪಾತ್ರೆಗಳಲ್ಲಿ ನಮಗೆ ಕಾಣುವ ಕೊರತೆಯನ್ನೂ ಹೇಳಬೇಕು: ಚಹದ ಪಾತ್ರೆಯ ಮೇಲೆ ಇರುವಷ್ಟು ಚಿಂತನೆ ಅನ್ನ ಸಾರಿನ ತಟ್ಟೆಯ ಮೇಲೆ ನಡೆದಂತೆ ತೋರುವುದಿಲ್ಲ.

ಮೈಸೂರು ಸೀಮೆಗೂ ಜಪಾನಿಗೂ ಇದ್ದ ಸಂಬಂಧ ಬೇರೊಂದು ದಾರಿ ಹಿಡಿಯಿತು. ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ ಜನಿಸಿದ ವಿಶ್ವೇಶ್ವರಯ್ಯನವರು ೧೮೯೮ರಲ್ಲಿಯೇ ಜಪಾನಿಗೆ ಹೋಗಿ ಅಲ್ಲಿಯ ಕೈಗಾರಿಕೆಗಳನ್ನು ಕಂಡು ಬಂದಿದ್ದರು. ಮುಂದೆ ಸಂಸ್ಥಾನದ ಸರ್ಕಾರವು ಬೆಂಗಳೂರಿನಲ್ಲಿ ಪಿಂಗಾಣಿಯ ಕಾರ್ಖಾನೆಯನ್ನು ಸ್ಥಾಪಿಸಿತು; ಕಾಲಾಂತರದಲ್ಲಿ ಅದಕ್ಕೆ ಜಪಾನಿನ ಎನ್.ಜಿ.ಕೆ. ಸಂಸ್ಥೆಯ ತಾಂತ್ರಿಕ ನೆರವು ದೊರೆಯಿತು. ೧೯೭೬ರಲ್ಲಿ ಅದು ಬಿ.ಎಚ್.ಇ.ಎಲ್. ಸಂಸ್ಥೆಯ ವಶಕ್ಕೆ ಬಂದಿತು. ಆ ಸಹಯೋಗದ ಫಲವು ವಿದ್ಯುತ್ ಕಂಬಗಳ ಮೇಲಿನ ಪಿಂಗಾಣಿಯ ಬಿಲ್ಲೆಗಳು. ಅವು ನಮ್ಮ ಹಳ್ಳಿಗಳಿಗೆ ಬೆಳಕನ್ನು ತಂದುವೆಂಬುದನ್ನು ಅಲ್ಲಗಳೆಯುವುದಿಲ್ಲ. ಆದರೆ ಕುಂಬಾರಿಕೆಯಲ್ಲಿ ಲೋಕಪ್ರಸಿದ್ಧವಾದ ಜನರೊಡನೆ ನಮಗೆ ಒದಗಿದ ನಂಟು ಕಂಬದ ತುದಿಯಿಂದ ಕೆಳಗಿಳಿದು ಎಲೆಯ ಮುಂದೆ ಕೂರಲಿಲ್ಲ.

ಇನ್ನು ಈ ನಾಲ್ಕು ತಾಲ್ಲೂಕುಗಳಲ್ಲಿ ಇಂತಹ ಕೆಲಸವನ್ನು ಕೈಗೊಳ್ಳುವವರು ಎದುರಿಸಬೇಕಾದ ಮೊದಲ ಪ್ರಶ್ನೆ ಅಲಂಕಾರದ್ದಲ್ಲ, ಕಾವಿನದು. ಕಡಮೆ ಕಾವಿನಲ್ಲಿಯೇ ಹೊಳಪು ಬರಲೆಂದು ಸೀಸದ ಲೇಪವನ್ನು ಬಳಸುವುದುಂಟು. ಹುಣಿಸೆಯ ಹುಳಿಯು ಅಂತಹ ಲೇಪದಿಂದ ಸೀಸವನ್ನು ಬಿಡಿಸಿ ಸಾರಿಗೆ ಸೇರಿಸಬಲ್ಲದು; ಅದು ವಿಷ. ಹುಣಿಸೆಯಿಲ್ಲದೆ ಈ ಸೀಮೆಯ ಸಾರುಗಳಲ್ಲಿ ಬಹುಪಾಲು ಆಗುವುದಿಲ್ಲ. ಆದಕಾರಣ ಕೆರೆಯ ಅಂಗಳದ ಜೇಡಿಗೆ ಎಷ್ಟು ಕಾವನ್ನು ತಾಳುವ ಶಕ್ತಿಯಿದೆ, ಅದಕ್ಕೆ ಯಾವ ಮಣ್ಣನ್ನು ಬೆರೆಸಬೇಕು, ಸೀಸವಿಲ್ಲದ ಯಾವ ಲೇಪವು ಹುಳಿಗೂ ಬೆರಳಿಗೂ ಒಗ್ಗುತ್ತದೆ, ಇವೇ ಸಹಯೋಗದ ಆದಿ. ಒರಟು ಮೈಯ ಲೇಪವು ಈಗ ಬಹಳ ಮೆಚ್ಚುಗೆಯಲ್ಲಿದೆ. ಮುದ್ದೆಗೆ ಅದು ಒಪ್ಪದು, ಹಿಟ್ಟು ಹತ್ತಿಕೊಂಡು ಬಿಡುವುದಿಲ್ಲ. ಚಿತ್ರಶಾಲೆಯಲ್ಲಿ ಕುಳಿತು ಕಾಣದ ಈ ದೋಷವು ಪಾತ್ರೆ ತೊಳೆಯುವ ಹೆಂಗಸಿಗೆ ಮೊದಲನೆಯ ದಿನವೇ ಕಾಣುತ್ತದೆ. ಅವಳನ್ನು ಕೇಳದೆ ಮಾಡಿದ ವಿನ್ಯಾಸಕ್ಕೆ ಎಷ್ಟು ದೇಶಗಳ ಕಲಾವಿದರ ರುಜುವಿದ್ದರೇನು?

ರುಜುವಿನ ಮಾತು ಬಂದುದರಿಂದ ಇನ್ನೊಂದನ್ನು ಸೇರಿಸುತ್ತೇವೆ. ಹರಿಹರನು ಕುಂಬಾರ ಗುಂಡಯ್ಯನ ಮೇಲೆ ಒಂದು ರಗಳೆಯನ್ನೇ ಬರೆದನು. ಮಡಕೆ ತಟ್ಟುವ ನಾದಕ್ಕೆ ಶಿವನೇ ಕುಣಿದನೆಂಬ ಕಥೆಯಲ್ಲಿ ಕುಂಬಾರನ ಹೆಸರಿದೆ, ಊರಿದೆ, ಹೆಂಡತಿಯಿದ್ದಾಳೆ. ಇಂದಿನ ತಟ್ಟೆಗಳನ್ನು ಮಗುಚಿ ನೋಡಿದರೆ ತಳದಲ್ಲಿ ವಿನ್ಯಾಸಕಾರನ ಮುದ್ರೆಯಿರುತ್ತದೆ, ಅಂಗಡಿಯ ಮುದ್ರೆಯಿರುತ್ತದೆ. ತಿಗರಿಯ ಮುಂದೆ ಕುಳಿತವನ ಗುರುತು ಬಹುಮಟ್ಟಿಗೆ ಇರುವುದಿಲ್ಲ. ಎರಡು ಸಂಸ್ಕೃತಿಗಳು ಸೇರಿ ಮಾಡಿದ ಪಾತ್ರೆಯೆಂದು ಕರೆಯುವಾಗ ಆ ಎರಡರಲ್ಲಿ ಒಂದಕ್ಕೆ ಹೆಸರೇ ಇಲ್ಲದಿದ್ದರೆ ಅದನ್ನು ಸಹಯೋಗವೆನ್ನಬಹುದೆ, ಕೂಲಿಯೆನ್ನಬೇಕೆ ಎಂಬುದನ್ನು ವಿದ್ವಾಂಸರು ವಿಚಾರಿಸಬೇಕು. ನಮ್ಮ ಮಟ್ಟಿಗೆ, ಅಂಥ ತಟ್ಟೆ ಮುಂದೊಮ್ಮೆ ಕೈಗೆ ಬಂದಾಗ, ಮೊದಲು ಅದರಲ್ಲಿ ಉಪ್ಪುಸಾರು ಬಿಟ್ಟು ಒಂದು ಮುದ್ದೆಯನ್ನು ಉಂಡು, ಬಳಿಕ ಮಗುಚಿ ನೋಡುತ್ತೇವೆ.