ಸಾವಿತ್ರಿಬಾಯಿಗೆ ಒಂದೇ ವಾಕ್ಯ

ಮುಂಡರಗಿ ಭೀಮರಾಯನನ್ನೂ ನರಗುಂದದ ಬಾಬಾಸಾಹೇಬನನ್ನೂ ಕುರಿತ ಬರಹಗಳಿಗೆ ನಮ್ಮ ಗದಗ ಸೀಮೆಯಲ್ಲಿ ಕೊರತೆಯಿಲ್ಲ. 1858ರ ಮೇ ತಿಂಗಳಲ್ಲಿ ಸುರೇಬಾನದಲ್ಲಿ ಆಂಗ್ಲ ಅಧಿಕಾರಿ ಮ್ಯಾನ್ಸನ್ ಹತನಾದುದು, ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬ ಗಲ್ಲಿಗೇರಿದುದು, ಎಲ್ಲವೂ ಸವಿಸ್ತಾರವಾಗಿ ಬರುತ್ತವೆ. ಆತನ ಪತ್ನಿ ಸಾವಿತ್ರಿಬಾಯಿಗೆ ಬಹುಮಟ್ಟಿಗೆ ಒಂದೇ ವಾಕ್ಯ: ಅತ್ತೆಯೊಡನೆ ಮಲಪ್ರಭೆಗೆ ಹಾರಿ ಪ್ರಾಣ ಬಿಟ್ಟಳು.

ಇದು ಸಾವಿನ ವಾರ್ತೆಯೇ ಹೊರತು ಬಾಳಿನ ಕಥೆಯಲ್ಲ. ದತ್ತಕಕ್ಕೆ ಕಂಪನಿ ಸರಕಾರ ಒಪ್ಪದಿದ್ದುದನ್ನು ನಮ್ಮ ಲೇಖಕರು ಬರಿಯ ರಾಜಕಾರಣವೆಂದು ಬಗೆಯುತ್ತಾರೆ. ಆ ಮಗು ಯಾರ ಮಡಿಲಿಗೆ ಬರಬೇಕಾಗಿತ್ತೆಂದು ಕೇಳುವುದಿಲ್ಲ.

ಅದೇ ಶತಮಾನದ ಅಮೇರಿಕದ ಅಧ್ಯಕ್ಷ ಗ್ರಾಂಟನ ಪತ್ನಿ ಜೂಲಿಯಾ ತನ್ನ ನೆನಪುಗಳನ್ನು ಬಿಟ್ಟುಹೋದಳು. ಆಕೆ ತೀರಿದ್ದು 1902ರಲ್ಲಿ, ಪುಸ್ತಕ ಅಚ್ಚಾದುದು 1975ರಲ್ಲಿ. ತಡವಾದರೂ ಆಕೆಯ ಮಾತು ಓದುಗರನ್ನು ಮುಟ್ಟಿತು. ಸಾವಿತ್ರಿಬಾಯಿಗೆ ಆ ಅವಕಾಶವಿರಲಿಲ್ಲ.

ಹಾಗೆಂದು ಇಲ್ಲದ ಮಾತುಗಳನ್ನು ಆಕೆಯ ಬಾಯಲ್ಲಿಡುವುದೂ ಸಲ್ಲದು. ದತ್ತಕದ ಅರ್ಜಿಯಿಂದ ಗಲ್ಲಿನವರೆಗಿನ ಕಥೆಯನ್ನು ನಮ್ಮ ಲೇಖಕರು ಒಮ್ಮೆ ಆಕೆ ನಿಂತ ಕಡೆಯಿಂದ ಹೇಳಿ ನೋಡಲಿ. ಬಾಬಾಸಾಹೇಬನ ಹಿರಿಮೆ ಅದರಿಂದ ಕುಂದದು. ಆ ಮನೆ ಕಳೆದುಕೊಂಡುದು ಎಷ್ಟೆಂಬುದು ತಿಳಿದೀತು.