ಪ್ರಾಂಟೊ ರಿಮೋಟಿನ ಸಿಸಿಎಫ್ ಕಡತ

ಫಿಲಿಪ್ಸ್ ಕಂಪನಿ 1998ರಲ್ಲಿ ತಂದ ಪ್ರಾಂಟೊ ರಿಮೋಟಿನ ಮೈಮೇಲೆ ಗುಂಡಿಗಳು ಕೆಲವೇ. ಉಳಿದದ್ದೆಲ್ಲ ಟಚ್‌ಸ್ಕ್ರೀನ್, ಅದರ ಮೇಲೆ ಏನಿರಬೇಕೆಂದು ಹೇಳುವುದು ಸಿಸಿಎಫ್ ಎಂಬ ಕಡತ. ಕಂಪ್ಯೂಟರಿನಲ್ಲಿ ಪ್ರಾಂಟೊಎಡಿಟ್ ತೆರೆದು ಅದನ್ನು ರೂಪಿಸಿ, ಕೇಬಲ್ ಮೂಲಕ ರಿಮೋಟಿಗೆ ಇಳಿಸಬೇಕು. ಟಿವಿ, ವಿಸಿಆರ್, ಆಂಪ್ಲಿಫೈಯರ್‌ಗಳ ಪುಟಗಳು, ಗುಂಡಿಗಳು, ಚಿತ್ರಗಳು ಎಲ್ಲ ಅದೊಂದರಲ್ಲೇ.

ನನಗೆ ತುಂಬ ಇಷ್ಟವಾಗುವುದು ಅದರಲ್ಲಿ ಇನ್‌ಫ್ರಾರೆಡ್ ಸಂಕೇತವನ್ನು ಬರೆಯುವ ರೀತಿ. ಹದಿನಾರರ ಲೆಕ್ಕದಲ್ಲಿ, ನಾಲ್ಕು ನಾಲ್ಕು ಅಂಕಿಗಳ ಗುಂಪುಗಳು. ಮೊದಲನೆಯದು 0000 ಎಂದಿದ್ದರೆ ಮಿಡಿತವನ್ನು ಇದ್ದಂತೆಯೇ ಬರೆದಿದೆ ಎಂದರ್ಥ. ಎರಡನೆಯದು ವಾಹಕ ಆವರ್ತನವನ್ನು ಸೂಚಿಸುವ ಸಂಖ್ಯೆ. ಮುಂದಿನೆರಡು, ಒಮ್ಮೆ ಕಳಿಸಬೇಕಾದ್ದೆಷ್ಟು, ಗುಂಡಿ ಒತ್ತಿ ಹಿಡಿದರೆ ಮರುಕಳಿಸಬೇಕಾದ್ದೆಷ್ಟು ಎಂದು. ಆಮೇಲೆ ಬರೀ ಜೋಡಿಗಳು: ಇಷ್ಟು ಹೊತ್ತು ಬೆಳಗು, ಇಷ್ಟು ಹೊತ್ತು ಆರಿರು. 38 ಕಿಲೋಹರ್ಟ್ಸ್‌ನಲ್ಲಿ 0156 ಎಂದರೆ 342 ಆವರ್ತ, ಅಂದರೆ ಸುಮಾರು 9 ಮಿಲಿಸೆಕೆಂಡ್. ಎನ್‌ಇಸಿ ಎಂಬ ರಿಮೋಟ್ ಸಂಕೇತ ಪದ್ಧತಿಯ ಮೊದಲ ಮಿಡಿತ ಅದೇ. ಮೃದಂಗದ ನಡೆಯನ್ನು ಸೊಲ್ಲುಕಟ್ಟಿನಲ್ಲಿ ಬರೆದಿಟ್ಟಂತೆ, ಕಣ್ಣಿಗೆ ಕಾಣದ ಬೆಳಕನ್ನು ಕಾಗದದ ಮೇಲೆ ಓದಬಹುದು. ಎಂಥ ಅಚ್ಚುಕಟ್ಟು!

ಇನ್ನೊಂದು ಜಾಣತನವೂ ಇದೆ. ಹಲವು ಸಂಕೇತಗಳನ್ನು ಒಂದರ ಹಿಂದೊಂದು ಕಳಿಸುವ 'ಸಿನಿಮಾ ನೋಡು' ಎಂಬಂಥ ಗುಂಡಿಗೆ ಅವನ್ನೆಲ್ಲ ನಕಲಿಸಬೇಕಿಲ್ಲ, ಬೇರೆ ಗುಂಡಿಗಳತ್ತ ಕೈತೋರಿಸಿದರೆ ಸಾಕು. ಟಿವಿ ಬದಲಾದಾಗ ಮೂಲ ಗುಂಡಿಗಳನ್ನು ತಿದ್ದಿದರೆ, ಅವುಗಳನ್ನು ನೆಚ್ಚಿಕೊಂಡ ಇಂಥ ಗುಂಡಿಗಳೆಲ್ಲ ತಾವಾಗಿ ಸರಿಹೋಗುತ್ತವೆ. ನಡುವೆ ವಿರಾಮವನ್ನೂ ಸೇರಿಸಬಹುದು. ನಿಧಾನವಾಗಿ ಏಳುವ ಪ್ರೊಜೆಕ್ಟರಿಗೆ ಅದು ಬೇಕೇ ಬೇಕು.

ಪ್ರಾಂಟೊ ತಯಾರಿಕೆ ನಿಂತುಹೋಗಿದೆ. ಆ ಅಂಕಿಗಳ ಬರಹವನ್ನು ಮಾತ್ರ ಬೇರೆ ರಿಮೋಟ್ ತಂತ್ರಾಂಶಗಳು ಈಗಲೂ ಓದುತ್ತವೆ.