ಕೊನೆ ಗೊತ್ತಿದ್ದವರ ಜಾಣ್ಮೆ

ವೈದ್ಯರ ಯೋಚನೆ ಎಲ್ಲಿ ಎಡವುತ್ತದೆ ಎಂಬ ಮಾತು ಬಂದಾಗಲೆಲ್ಲ ಜೆರೋಮ್ ಗ್ರೂಪ್‌ಮನ್ ಅವರ ‘ಹೌ ಡಾಕ್ಟರ್ಸ್ ಥಿಂಕ್’ (2007) ಹೆಸರು ಬಂದೇ ಬರುತ್ತದೆ. ಗ್ರೂಪ್‌ಮನ್ ಹಾರ್ವರ್ಡ್‌ನ ಪ್ರಾಧ್ಯಾಪಕರು, ‘ನ್ಯೂಯಾರ್ಕರ್’ ಪತ್ರಿಕೆಯ ಬರಹಗಾರರು. ಕಥೆ ಹೇಳುವ ಕಲೆ ಅವರಿಗೆ ಒಲಿದಿದೆ. ರೋಗಿಯ ಮಾತಿಗೆ ಕಿವಿಗೊಡಿ ಎಂಬ ಅವರ ಒತ್ತಾಯದ ಬಗ್ಗೆ ನನಗೂ ತಕರಾರಿಲ್ಲ. ಆದರೆ ಲ್ಯಾಬ್ ವರದಿಯ ಒಂದು ಅಂಕಿ ಏರುಪೇರಾದಾಗ ವೈದ್ಯರು ಅದನ್ನು ಹೇಗೆ ಓದಬೇಕು ಎಂಬ ವಿಷಯದಲ್ಲಿ ಈ ಪುಸ್ತಕಕ್ಕೆ ಸಿಕ್ಕಿರುವ ಮನ್ನಣೆ ಅದರ ಯೋಗ್ಯತೆಗೆ ಮೀರಿದ್ದು.

ಪುಸ್ತಕದ ಬಹಳ ಪ್ರಸಿದ್ಧ ಪ್ರಸಂಗವನ್ನೇ ನೋಡೋಣ. ಅರಿಜೋನಾದ ಟ್ಯೂಬಾ ಸಿಟಿಯ ತುರ್ತುಚಿಕಿತ್ಸಾ ಘಟಕಕ್ಕೆ ಉಸಿರಾಟದ ತೊಂದರೆಯಿಂದ ಒಬ್ಬ ನವಾಹೋ ಮಹಿಳೆ ಬರುತ್ತಾರೆ. ಅದಕ್ಕೆ ಮುಂಚಿನ ವಾರಗಳಲ್ಲಿ ವೈದ್ಯ ಹ್ಯಾರಿಸನ್ ಆಲ್ಟರ್ ವೈರಲ್ ನ್ಯುಮೋನಿಯಾದ ರೋಗಿಗಳನ್ನು ಸಾಲುಸಾಲಾಗಿ ನೋಡಿದ್ದರು. ಈಕೆಯ ಎಕ್ಸ್‌ರೇಯಲ್ಲಿ ನ್ಯುಮೋನಿಯಾದ ಬಿಳಿಗೆರೆಗಳಿಲ್ಲ, ಬಿಳಿ ರಕ್ತಕಣಗಳೂ ಏರಿಲ್ಲ. ರಕ್ತ ಮಾತ್ರ ತುಸು ಆಮ್ಲೀಯವಾಗಿದೆ. ದೊಡ್ಡ ಸೋಂಕಿನಲ್ಲಿ ಹಾಗಾಗುವುದುಂಟು. ಆಲ್ಟರ್ ಇದನ್ನು ಇನ್ನೂ ಹೊರಗೆ ಕಾಣಿಸಿಕೊಳ್ಳದ ಆರಂಭದ ಹಂತದ ನ್ಯುಮೋನಿಯಾ ಎಂದು ತೀರ್ಮಾನಿಸಿದರು. ನಿಜವಾಗಿ ಆಗಿದ್ದು ಆಸ್ಪಿರಿನ್ ವಿಷ. ಅದನ್ನು ಗುರುತಿಸಿದ್ದು ಇನ್ನೊಬ್ಬ ವೈದ್ಯರು. ಗ್ರೂಪ್‌ಮನ್ ಇದಕ್ಕೆ ಕೊಡುವ ಮೊದಲ ಕಾರಣ: ಇತ್ತೀಚೆಗೆ ಕಂಡದ್ದೇ ಮೊದಲು ನೆನಪಿಗೆ ಬರುವ ಮನಸ್ಸಿನ ವಾಲಿಕೆ. ಒಪ್ಪುವ ಸಾಕ್ಷಿಯನ್ನಷ್ಟೇ ಆರಿಸಿಕೊಂಡು ಒಪ್ಪದ್ದನ್ನು ಬದಿಗಿಟ್ಟದ್ದನ್ನೂ ಅವರು ಹೆಸರಿಸುತ್ತಾರೆ.

ಆ ಮೊದಲ ಕಾರಣದ ಬಳಿ ತುಸು ನಿಲ್ಲಬೇಕು. ಊರಲ್ಲಿ ನ್ಯುಮೋನಿಯಾ ಹಬ್ಬಿರುವಾಗ ಉಸಿರು ಕಟ್ಟಿ ಬಂದವರಿಗೆ ಅದೇ ಇರಬಹುದೆಂದು ಮೊದಲು ಯೋಚಿಸುವುದು ಸರಿಯಾದ ಲೆಕ್ಕ. ಕಳೆದ ವಾರದ ರೋಗಿಗಳ ನೆನಪೂ ಒಂದು ಮಾಹಿತಿಯೇ. ದೋಷವಿದ್ದದ್ದು ಅದರ ಮುಂದಿನ ಹೆಜ್ಜೆಯಲ್ಲಿ. ಎಕ್ಸ್‌ರೇಗೆ ಕಾಣದ, ರಕ್ತಕಣಗಳನ್ನು ಅಲುಗಿಸದ ಸೋಂಕು ಎಂದಮೇಲೆ ಅದು ಚಿಕ್ಕದಿರಬೇಕು. ರಕ್ತದ ಆಮ್ಲತೆ ಅದರದ್ದೇ ಎನ್ನಬೇಕಾದರೆ ಅದು ದೊಡ್ಡದಿರಬೇಕು. ಒಂದೇ ಸೋಂಕು ಒಂದೇ ಗಳಿಗೆಯಲ್ಲಿ ಎರಡೂ ಆಗುವುದು ಕಷ್ಟ. ಆರೋಗ್ಯಕರವಾಗಿ ಬಂದ ಎರಡು ಫಲಿತಾಂಶಗಳು ರೋಗನಿರ್ಣಯವನ್ನು ಸಡಿಲಿಸಬೇಕಿತ್ತು. ಅವನ್ನು ‘ಇನ್ನೂ ಕಾಣಿಸಿಕೊಂಡಿಲ್ಲ’ ಎಂದು ಬದಿಗಿಟ್ಟದ್ದಾಯಿತು. ಏರುಪೇರಾದ ಒಂದು ಫಲಿತಾಂಶ ಹೊಸ ಪ್ರಶ್ನೆ ಎಬ್ಬಿಸಬೇಕಿತ್ತು. ಅದನ್ನು ಹಳೆಯ ಉತ್ತರಕ್ಕೆ ಸಾಕ್ಷಿಯಾಗಿ ನಿಲ್ಲಿಸಿದ್ದಾಯಿತು.

ಕೇಳಬಹುದಾಗಿದ್ದ ಪ್ರಶ್ನೆಯೇನೂ ಅಪರೂಪದ್ದಲ್ಲ. ಸೋಡಿಯಂನಿಂದ ಕ್ಲೋರೈಡ್ ಮತ್ತು ಬೈಕಾರ್ಬೊನೇಟ್ ಕಳೆದರೆ ಸಿಗುವ ‘ಅನಯಾನ್ ಗ್ಯಾಪ್’ ವೈದ್ಯ ವಿದ್ಯಾರ್ಥಿಗಳಿಗೆಲ್ಲ ಗೊತ್ತು. ಅದು ಹೆಚ್ಚಾಗಿದ್ದರೆ ನೋಡಬೇಕಾದ ಕಾರಣಗಳ ಪಟ್ಟಿಯೂ ಗೊತ್ತು: ಲ್ಯಾಕ್ಟಿಕ್ ಆಮ್ಲ, ಕೀಟೋನ್, ಕೆಟ್ಟ ಮೂತ್ರಪಿಂಡ, ಆಸ್ಪಿರಿನ್. ಆಸ್ಪಿರಿನ್ ವಿಷವು ಮಿದುಳಿನ ಉಸಿರಾಟ ಕೇಂದ್ರವನ್ನೇ ಕೆರಳಿಸುವುದರಿಂದ ರೋಗಿ ಆಮ್ಲತೆಗೆ ತಕ್ಕುದಕ್ಕಿಂತ ಹೆಚ್ಚು ವೇಗವಾಗಿ ಉಸಿರಾಡುತ್ತಾರೆ. ನನ್ನನ್ನು ಕಾಡುವುದು ಇದು: ಸ್ವಲ್ಪವೇ ಏರುಪೇರಾದ ಅಂಕಿ ಯಾವ ಕಥೆಗೂ ಒಗ್ಗಿಕೊಳ್ಳುತ್ತದೆ. ಬಹಳ ಏರಿದ್ದರೆ ಆಲ್ಟರ್ ಬೆಚ್ಚುತ್ತಿದ್ದರೇನೋ. ಆ ‘ತುಸು’ವೇ ಅವರ ಅನುಮಾನವನ್ನು ಮಲಗಿಸಿತು. ಗ್ರೂಪ್‌ಮನ್ ಈ ಎಳೆಯನ್ನು ಹಿಡಿಯಲೇ ಇಲ್ಲ.

ಇನ್ನು ಅವರ ಹಾದಿಯಲ್ಲಿ ನಡೆದವರ ಮಾತು. ತುರ್ತುಚಿಕಿತ್ಸಾ ವೈದ್ಯ ಪ್ಯಾಟ್ ಕ್ರಾಸ್ಕೆರಿ 2003ರಲ್ಲಿ ಪಟ್ಟಿ ಮಾಡಿದ 30ಕ್ಕೂ ಹೆಚ್ಚು ಪೂರ್ವಗ್ರಹಗಳನ್ನು ಹಿಡಿದು, ತಪ್ಪಿದ ಪ್ರತಿ ರೋಗನಿರ್ಣಯಕ್ಕೂ ಒಂದು ಹೆಸರು ಅಂಟಿಸುವುದನ್ನೇ ಇವರು ವಿವರಣೆ ಎಂದುಕೊಂಡಿದ್ದಾರೆ. 2017ರಲ್ಲಿ ಲೌರಾ ಜ್ವಾನ್ ಮತ್ತು ಸಂಗಡಿಗರು 37 ವೈದ್ಯರಿಗೆ ರೋಗಿಗಳ ಪ್ರಕರಣಗಳನ್ನು ಓದಲು ಕೊಟ್ಟು, ಇಲ್ಲಿ ಯಾವ ಪೂರ್ವಗ್ರಹವಿದೆ ಎಂದು ಕೇಳಿದರು. ರೋಗನಿರ್ಣಯ ತಪ್ಪಿತ್ತೆಂದು ಕೊನೆಯಲ್ಲಿ ಸೂಚಿಸಿದಾಗ ಅವರಿಗೆ ಕಂಡ ಪೂರ್ವಗ್ರಹಗಳು ಸುಮಾರು ಇಮ್ಮಡಿ. ಇರುವುದು ಯಾವುದು ಎಂಬುದರಲ್ಲಂತೂ ಒಮ್ಮತವೇ ಇಲ್ಲ. 1991ರಲ್ಲೇ ಕ್ಯಾಪ್ಲನ್ ಮತ್ತು ಜೊತೆಯವರು ಅರಿವಳಿಕೆ ತಜ್ಞರಲ್ಲಿ ಇಂಥದ್ದನ್ನೇ ಕಂಡಿದ್ದರು. ಒಂದೇ ಬಗೆಯ ಆರೈಕೆ, ರೋಗಿಗೆ ಶಾಶ್ವತ ಹಾನಿಯಾಯಿತೆಂದು ಓದಿದವರಿಗೆ ಕಳಪೆಯಾಗಿ ತೋರಿತ್ತು. ಗ್ರೂಪ್‌ಮನ್ ಅವರ ಕಥೆಗಳೆಲ್ಲ ಕೊನೆ ಗೊತ್ತಾದಮೇಲೆ ಬರೆದವು. ಓದುಗರನ್ನು ಎಚ್ಚರಿಸಲು ಹೊರಟ ಪುಸ್ತಕ ತನ್ನ ರಚನೆಯಲ್ಲೇ, ಕೊನೆ ನೋಡಿ ಹಿಂದಿನದನ್ನು ಅಳೆಯುವ ಆ ದೋಷಕ್ಕೆ ಸಿಕ್ಕಿಬಿದ್ದಿದೆ. ಹೀಗೆಂದರೆ ಅವರ ಅಭಿಮಾನಿಗಳು ಮಾನವೀಯತೆಯ ಮಾತೆತ್ತುತ್ತಾರೆ. ಮಾನವೀಯತೆಗೂ ಲೆಕ್ಕಕ್ಕೂ ಯಾವ ಜಗಳ?

ಲೆಕ್ಕದ ಬಗ್ಗೆ ಗ್ರೂಪ್‌ಮನ್ ಅವರಿಗಿರುವ ಅಸಮಾಧಾನ ಮುನ್ನುಡಿಯಲ್ಲೇ ಕಾಣುತ್ತದೆ. ಆದರೆ ಲ್ಯಾಬ್‌ಗಳು ಆರೋಗ್ಯವಂತರಲ್ಲಿ ನಡುವಿನ 95% ಜನರ ಅಂಕಿಗಳನ್ನು ‘ನಾರ್ಮಲ್’ ಎಂದು ಗುರುತಿಸುವುದು ವಾಡಿಕೆ. ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆ ಮಾಡಿಸಿದರೆ ಪೂರ್ಣ ಆರೋಗ್ಯವಂತರಲ್ಲೂ ಸುಮಾರು 64% ಮಂದಿಗೆ ಒಂದಾದರೂ ಅಂಕಿ ದಪ್ಪಕ್ಷರದಲ್ಲಿ ಬರುತ್ತದೆ. ಬೆಂಗಳೂರಿನಲ್ಲಿ ಮಾಸ್ಟರ್ ಹೆಲ್ತ್ ಚೆಕಪ್ ಮಾಡಿಸಿಕೊಂಡು ರಾತ್ರಿಯೆಲ್ಲ ನಿದ್ದೆಗೆಟ್ಟವರಿಗೆ ಇದನ್ನು ಯಾರಾದರೂ ಹೇಳಬೇಕು. 1978ರಲ್ಲಿ ಹಾರ್ವರ್ಡ್‌ನಲ್ಲೇ 60 ವೈದ್ಯರು ಮತ್ತು ವಿದ್ಯಾರ್ಥಿಗಳನ್ನು ಕೇಳಲಾಗಿತ್ತು: ಸಾವಿರಕ್ಕೊಬ್ಬರಿಗೆ ಇರುವ ರೋಗ, ರೋಗವಿಲ್ಲದ 5% ಜನರಲ್ಲೂ ಪಾಸಿಟಿವ್ ತೋರಿಸುವ ಪರೀಕ್ಷೆ, ಪಾಸಿಟಿವ್ ಬಂದವರಿಗೆ ರೋಗವಿರುವ ಸಾಧ್ಯತೆ ಎಷ್ಟು? ಸುಮಾರು 2% ಎಂಬ ಸರಿಯುತ್ತರ ಕೊಟ್ಟವರು 11 ಮಂದಿ. 95% ಎಂದವರು 27. ಅಲಕ್ಷಿಸಿದ್ದೇ ಸರಿಯಾಗಿದ್ದ ಸಾವಿರಾರು ಏರುಪೇರುಗಳಿಗೆ ಗ್ರೂಪ್‌ಮನ್ ಅವರ ಪುಟಗಳಲ್ಲಿ ಜಾಗವಿಲ್ಲ. ಅವುಗಳಿಂದ ಕಥೆ ಹುಟ್ಟುವುದಿಲ್ಲವಲ್ಲ.

ರೇಡಿಯಾಲಜಿಯ ಅಧ್ಯಾಯಕ್ಕೆ ಮಾತ್ರ ಈ ಆಕ್ಷೇಪ ತಟ್ಟದು. ಎದೆಯ ಎಕ್ಸ್‌ರೇಗಳ ಒಂದು ಕಟ್ಟಿನಲ್ಲಿ ಒಂದು ಚಿತ್ರಕ್ಕೆ ಕೊರಳೆಲುಬೇ ಇರಲಿಲ್ಲ. ನೋಡಿದ ರೇಡಿಯಾಲಜಿಸ್ಟರಲ್ಲಿ 60% ಮಂದಿಗೆ ಅದು ಕಾಣಲಿಲ್ಲ. ಆ ಕಟ್ಟಿನಲ್ಲಿ ದೋಷವಿಲ್ಲದ ಚಿತ್ರಗಳೂ ಇದ್ದವು, ಹಿಡಿದವರನ್ನೂ ಬಿಟ್ಟವರನ್ನೂ ಎಣಿಸಿದ್ದರು. ಇಡೀ ಪುಸ್ತಕವನ್ನು ಈ ಬಗೆಯಲ್ಲಿ ಬರೆಯಲು ಗ್ರೂಪ್‌ಮನ್ ಅವರಿಗೆ ಸಾಧ್ಯವಿತ್ತು.